ಯಾಕೋಬನ ದನಿ ಹುಡುಕಿದ್ದು

ನನ್ನ ಹೆಂಡತಿಯ ಬೈಬಲನ್ನು ನಾನು ಮೊದಲ ಸಲ ತೆರೆದದ್ದು ಅವಳು ತೀರಿಕೊಂಡು ಎರಡು ವರ್ಷವಾದ ಮೇಲೆ, ಅದೂ ಒಂದು ಸಿನಿಮಾದ ಕೆಲಸಕ್ಕೆ.

ಕೆಲಸ ತಂದವನು ನನ್ನ ಹಳೆಯ ವಿದ್ಯಾರ್ಥಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅವನಿಗೂ ಈಗ ನಲವತ್ತು ದಾಟಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಮೋಟಾರು ರಿಪೇರಿ ಅಂಗಡಿಯೊಂದರ ಮಹಡಿಯ ಮೇಲೆ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಸೀರೆ ಅಂಗಡಿಯ ಜಾಹೀರಾತು, ಚುನಾವಣೆಯ ಪ್ರಚಾರ, ಭಜನೆಯ ಪದ, ಇಷ್ಟರಲ್ಲೇ ಅವನ ಹೊಟ್ಟೆ ಹೊರೆಯುತ್ತಿತ್ತು. ಆ ವರ್ಷ ಮುಂಬೈಯ ಕಂಪನಿಯೊಂದು ಅವನಿಗೆ ದೊಡ್ಡ ಕೆಲಸ ಒಪ್ಪಿಸಿತ್ತು. ಹೊರದೇಶದವರು ಅಪಾರ ಖರ್ಚು ಮಾಡಿ ತೆಗೆದ ಬೈಬಲಿನ ಕಥೆಯ ಸಿನಿಮಾ, ಯೋಸೇಫನ ಕಥೆ. ಅದನ್ನು ಮೊಬೈಲು ಮತ್ತು ಟಿವಿಯಲ್ಲಿ ನೋಡುವ ಆ್ಯಪ್‌ಗಾಗಿ ಕನ್ನಡಕ್ಕೆ ಡಬ್ ಮಾಡಬೇಕಿತ್ತು.

"ಸರ್ರ, ಮಾತು ನೀವ ಬರೀಬೇಕ್ರಿ," ಎಂದ. "ಮನ್ಯಾಗ ಆ ಪುಸ್ತಕಾನೂ ಐತಿ. ಮೇಡಂ ಅವರದು."

ಬೇಡ ಎನ್ನಲು ಕಾರಣ ಸಿಗಲಿಲ್ಲ. ಬೈರಿದೇವರಕೊಪ್ಪದ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ನಾನೊಬ್ಬನೇ ಇದ್ದೆ. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಪೇಪರು ಮುಗಿದರೆ ಆಮೇಲೆ ದಿನ ಮುಗಿಯುತ್ತಲೇ ಇರಲಿಲ್ಲ.

ಹೆಂಡತಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಧಾರವಾಡದ ಕ್ರಿಶ್ಚಿಯನ್ ಮನೆತನದವಳು. ಡ್ಯೂಟಿಗೆ ಹೋಗುವ ಮೊದಲು ದಿನಾ ಆ ಪುಸ್ತಕದಿಂದ ಒಂದು ಅಧ್ಯಾಯ ಓದುತ್ತಿದ್ದಳು. ಕಪ್ಪು ರೆಕ್ಸಿನ್ ಹೊದಿಕೆ ಹರಿದಲ್ಲಿ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿದ್ದಳು. ನಾನು ಅವಳ ಎದುರಿಗೇ ಪೇಪರು ಹಿಡಿದು ಕೂತಿರುತ್ತಿದ್ದೆ. "ಒಂದ ಸಲ ಓದಿ ನೋಡ್ರಿ, ಕಥಿ ಛಲೋ ಅದಾವು," ಎಂದು ಅವಳು ಯಾವಾಗಲೋ ಅಂದಿದ್ದುಂಟು. ನಾನು, ಕಥೆ ಕಲಿಸಿ ಕಲಿಸಿ ಸಾಕಾಗೇತಿ ಅಂದಿದ್ದೆ. ಇಪ್ಪತ್ತಾರು ವರ್ಷದಲ್ಲಿ ಅವಳು ಎರಡನೆಯ ಸಲ ಕೇಳಲಿಲ್ಲ.

ಈಗ ಅದೇ ಮೇಜಿನ ಮೇಲೆ ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ ಆ ಪುಸ್ತಕ. ಸಿನಿಮಾದಲ್ಲಿ ಯೋಸೇಫನನ್ನು ಅಣ್ಣಂದಿರು ಬಾವಿಗೆ ತಳ್ಳುವುದಕ್ಕೇ ಹತ್ತು ನಿಮಿಷ. ಆಮೇಲೆ ಅವನನ್ನು ಗುಲಾಮನಾಗಿ ಕೊಂಡೊಯ್ಯುವ ಒಂಟೆಗಳ ಸಾಲು, ಐಗುಪ್ತದ, ಅಂದರೆ ಈಜಿಪ್ಟಿನ ಪೇಟೆ, ಸಾವಿರಾರು ಜನ, ಆಕಾಶ ಮುಟ್ಟುವ ಕಂಬಗಳು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವುದು ಪರದೆಯ ಮೇಲೆ ಒಂದು ಜಾತ್ರೆಯಷ್ಟು ದೊಡ್ಡದಾಗಿತ್ತು. ನನಗೆ ಬೇಕಾದದ್ದು ಮಾತ್ರ ಮನುಷ್ಯರ ತುಟಿಗಳು. ಇಂಗ್ಲಿಷಿನಲ್ಲಿ ತುಟಿ ಕೂಡುವ ಕಡೆ ಕನ್ನಡದಲ್ಲೂ ಪ, ಬ, ಮ ಯಾವುದಾದರೊಂದು ಬರಬೇಕು. ಅವರ ಬಾಯಿ ಮುಚ್ಚುವುದರೊಳಗೆ ನಮ್ಮ ಕ್ರಿಯಾಪದ ಮುಗಿಯಬೇಕು. ಒಂದೊಂದು ಮಾತನ್ನೂ ಹತ್ತು ಸಲ, ಇಪ್ಪತ್ತು ಸಲ ಗಟ್ಟಿಯಾಗಿ ಆಡಿ ನೋಡಬೇಕು.

ಒಂದು ಸಂಜೆ ಕೆಳಗಿನ ಮನೆಯಾಕೆ ಎರಡು ಪ್ಲೇಟು ಚುರುಮುರಿ ಸುಸಲಾ ಹಿಡಿದುಕೊಂಡು ಮೇಲೆ ಬಂದರು.

"ಯಾರ ಬಂದಾರ್ರಿ ಸರ್ರ? ಮಾತು ಜೋರ ಕೇಳಸಾಕತ್ತಿತ್ತು. ಭಾಳ ದಿನದ ಮ್ಯಾಲೆ ಮಂದಿ ಬಂದಾರಲ್ಲ ಅಂತ ತಂದೆ."

"ಯಾರೂ ಇಲ್ರಿ. ನಾನ ಮಾತಾಡಾಕತ್ತಿದ್ದೆ."

ಆಕೆ ಒಳಗೆ ಇಣುಕಿ ನೋಡಿದರು. ಖಾಲಿ ಕುರ್ಚಿ ಕಂಡಿತು. ಎರಡೂ ಪ್ಲೇಟು ಮೇಜಿನ ಮೇಲಿಟ್ಟು ಇಳಿದು ಹೋದರು. ಒಂದನ್ನು ವಾಪಸ್ ಕೊಡಲು ನನಗೆ ನಾಚಿಕೆಯಾಯಿತು. ಎರಡನ್ನೂ ನಾನೇ ತಿಂದೆ.

ಕೆಲಸ ತೊಡಕಾದದ್ದು ಕಥೆಯ ನಡುವಿನಲ್ಲಿ. ದೇಶದಲ್ಲೆಲ್ಲ ಬರ ಬಿದ್ದು ಯೋಸೇಫನ ಅಣ್ಣಂದಿರು ಕಾಳು ಕೇಳಲು ಐಗುಪ್ತಕ್ಕೆ ಬರುತ್ತಾರೆ. ಅಷ್ಟು ಹೊತ್ತಿಗೆ ಯೋಸೇಫ ಅಲ್ಲಿ ದೊಡ್ಡ ಅಧಿಕಾರಿ. ಅವನು ಅವರನ್ನು ಗುರುತಿಸುತ್ತಾನೆ, ಅವರು ಇವನನ್ನು ಗುರುತಿಸುವುದಿಲ್ಲ. ಅವನು ಐಗುಪ್ತದ ಭಾಷೆಯಲ್ಲೇ ಮಾತಾಡುತ್ತಾನೆ; ನಡುವೆ ಒಬ್ಬ ದುಭಾಷಿ ನಿಂತು ಎರಡೂ ಕಡೆಗೆ ತಿಳಿಸಿ ಹೇಳುತ್ತಾನೆ. ಇವನಿಗೆ ನಮ್ಮ ಮಾತು ತಿಳಿಯದು ಎಂದುಕೊಂಡು ಅಣ್ಣಂದಿರು ತಮ್ಮತಮ್ಮಲ್ಲೇ ಹಳೆಯ ಪಾಪದ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಎಲ್ಲವೂ ತಿಳಿಯುವ ಯೋಸೇಫ ಆಚೆ ಹೋಗಿ ಅತ್ತು ಬರುತ್ತಾನೆ.

ಕನ್ನಡದಲ್ಲಿ ಎಲ್ಲರೂ ಕನ್ನಡವನ್ನೇ ಆಡಿದರೆ ಆ ದುಭಾಷಿ ಯಾಕೆ ಬೇಕು? ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೆಂಡತಿಯ ಪ್ರಾರ್ಥನೆ ನೆನಪಾಯಿತು. ದಿನವಿಡೀ ನನ್ನ ಜೊತೆ, ಪೇಷಂಟುಗಳ ಜೊತೆ, ತರಕಾರಿಯವಳ ಜೊತೆ ಅಚ್ಚ ಧಾರವಾಡದ ಮಾತು ಆಡುತ್ತಿದ್ದ ಅವಳು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತ ಕೂಡಲೇ ಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತಿದ್ದಳು. "ದೇವರಿಗೆ ನಮ್ಮ ಮಾತು ಬರಂಗಿಲ್ಲೇನ?" ಎಂದು ನಾನು ಚೇಷ್ಟೆ ಮಾಡಿದರೆ ಅವಳು ಕಣ್ಣು ತೆರೆಯದೆ ನಗುತ್ತಿದ್ದಳು. ಹಾಗೇ ಮಾಡೋಣ ಅನ್ನಿಸಿತು. ಐಗುಪ್ತದ ಅರಮನೆಯವರಿಗೆಲ್ಲ ಪುಸ್ತಕದ ಕನ್ನಡ. ಕಾಳು ಕೇಳಲು ಬಂದ ಅಣ್ಣಂದಿರಿಗೆ, ಅವರ ತಂದೆ ಯಾಕೋಬನಿಗೆ ನಮ್ಮ ಕಡೆಯ ಮಾತು. ದುಭಾಷಿ ಒಂದರಿಂದ ಇನ್ನೊಂದಕ್ಕೆ ದಾಟಿಸಲಿ.

ನನ್ನ ವಿದ್ಯಾರ್ಥಿಗೆ ಇದು ಬಹಳ ಹಿಡಿಸಿತು. "ಮುಂಬೈದವರಿಗೆ ನಾ ಹೇಳ್ತೇನ್ರಿ," ಎಂದ. ಕೆಳಗಿನ ಅಂಗಡಿಯ ಯಂತ್ರಗಳು ಶುರುವಾಗುವ ಮೊದಲು, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ರೆಕಾರ್ಡಿಂಗ್. ಊರಿನ ನಾಟಕದ ಹವ್ಯಾಸಿಗಳು ಬಂದು ಹತ್ತು ಮಂದಿ ಅಣ್ಣಂದಿರಾದರು. ಯಾಕೋಬ ಮಾತ್ರ ಸಿಗಲಿಲ್ಲ. ಒಬ್ಬರು ಬಂದರು, ಅವರದು ಪೂರಾ ನಾಟಕದ ದನಿ. ಇನ್ನೊಬ್ಬರ ದನಿ ಮುದುಕನದ್ದೇ, ಆದರೆ ಹೆಡ್‌ಫೋನ್ ಹಾಕಿದ ಕೂಡಲೇ ಗಟ್ಟಿಯಾಗಿ ಓದಲು ಶುರು ಮಾಡುತ್ತಿದ್ದರು.

ಯಾಕೋಬನದು ಮುಖ್ಯ ಮಾತು ಒಂದೇ. ಒಬ್ಬ ಮಗನನ್ನು ಕಳೆದುಕೊಂಡಾಗಿದೆ, ಆ ಅಧಿಕಾರಿ ಕರೆತರಲು ಹೇಳಿದ ಕೊನೆಯವನನ್ನು ಐಗುಪ್ತಕ್ಕೆ ಕಳಿಸಲಾರೆ ಎನ್ನುವುದು. ಪರದೆಯ ಮೇಲೆ ಮುದುಕ ತಲೆ ಅಲ್ಲಾಡಿಸುತ್ತ ಮೂರು ಸಲ ತುಟಿ ಕೂಡಿಸುತ್ತಾನೆ. "ಬ್ಯಾಡೋ ಮಗನ, ಬ್ಯಾಡ" ಎಂದು ಬರೆದಿದ್ದೆ. ಬರೆಯುವಾಗಲೇ ಅದು ನನ್ನ ಕಿವಿಯಲ್ಲಿ ಒಂದೇ ದನಿಯಲ್ಲಿ ಕೇಳಿಸಿತ್ತು. ಅದು ನನ್ನ ಅಣ್ಣನ ದನಿ.

ಅಣ್ಣನ ವಿಷಯ ಹೇಳಬೇಕು. ನಮ್ಮದು ಗಬ್ಬೂರಿನ ಮನೆ, ಕಾಳಿನ ವ್ಯಾಪಾರ, ಲಿಂಗಪೂಜೆ ತಪ್ಪದ ಮನೆತನ. ನಾನು ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದ ದಿನ ಅಪ್ಪ ಎದ್ದು ಒಳಗೆ ಹೋದರು. ಅಣ್ಣ ಹೊರಗೆ ಬಂದು, "ಅಪ್ಪಾ ಇರೂ ತನಕ ಈ ಕಡೆ ಬರಬ್ಯಾಡ," ಎಂದ. ಎಂಟು ವರ್ಷದ ಮೇಲೆ ಅಪ್ಪ ಹೋದರು. ನಾನು ಮಣ್ಣಿಗೆ ಹೋಗಿ ಜನರ ಹಿಂದೆ ನಿಂತು ಬಂದೆ. ಅಪ್ಪ ಇರುವ ತನಕ ಎನ್ನುವ ಅವಧಿ ಮುಗಿದಿತ್ತು. ಆದರೆ ಇನ್ನು ಬಾ ಎಂದು ಯಾರೂ ಹೇಳಲಿಲ್ಲ, ನಾನು ಕೇಳಲಿಲ್ಲ. ಗಬ್ಬೂರು, ಬೈರಿದೇವರಕೊಪ್ಪ ಒಂದೇ ಹುಬ್ಬಳ್ಳಿಯ ಎರಡು ತುದಿ. ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಹಾಗೆಯೇ ವರ್ಷಗಳು ಕಳೆದವು.

ಚಿಕ್ಕಂದಿನಲ್ಲಿ ಅಣ್ಣ ಊರಿನ ನಾಟಕಗಳಲ್ಲಿ ಮುದುಕರ ಪಾತ್ರ ಮಾಡುತ್ತಿದ್ದ. ಹತ್ತೊಂಬತ್ತು ವರ್ಷಕ್ಕೇ ಅವನದು ಭಾರವಾದ ದನಿ. ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಮಧ್ಯಾಹ್ನ ಮಾರುಕಟ್ಟೆಯ ಅವನ ಅಂಗಡಿಗೆ ಹೋದೆ.

ಗಾದಿಯ ಮೇಲೆ ಕೂತು ಅಂಗೈಯಲ್ಲಿ ಕಡಲೆ ಉರುಳಿಸಿ ನೋಡುತ್ತಿದ್ದ. ಹಣೆಯ ಮೇಲೆ ವಿಭೂತಿ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಕಡಲೆಯನ್ನು ಚೀಲಕ್ಕೆ ಹಾಕಿದ.

"ಕುಂದ್ರು," ಎಂದ.

"ಕೆಲಸದ ಮ್ಯಾಲೆ ಬಂದೀನಿ, ಅಣ್ಣ."

"ಕೆಲಸಿದ್ರೂ ಕುಂದ್ರಬೇಕಲ್ಲ."

ಚಹಾ ಬಂತು. ನಾನು ಸಿನಿಮಾದ ಸಂಗತಿ ಹೇಳಿದೆ. ಅವನು ಯಾವ ದೇವರ ಸಿನಿಮಾ ಎಂದು ಕೇಳಲಿಲ್ಲ.

"ಮುದುಕನ ವಯಸ್ಸೆಷ್ಟು?"

"ನೂರರ ಮ್ಯಾಲೆ."

"ಹಂಗಾರ ನನಗಿನ್ನೂ ಟೈಮ್ ಐತಿ." ನಗಲಿಲ್ಲ. "ಮಕ್ಕಳು?"

"ಹನ್ನೆರಡು. ಒಬ್ಬಾಂವ ಸತ್ತಾನಂತ ತಿಳಕೊಂಡಾನ. ಅವ ಸತ್ತಿಲ್ಲ. ಬ್ಯಾರೆ ದೇಶದಾಗ ದೊಡ್ಡ ಅಧಿಕಾರಿ ಆಗ್ಯಾನ."

"ಎಷ್ಟ ವರ್ಷ ಆತು?"

"ಇಪ್ಪತ್ತರ ಮ್ಯಾಲಾತು."

ಅಣ್ಣ ಚಹಾದ ಲೋಟ ಕೆಳಗಿಟ್ಟ. "ಅಷ್ಟ ದೊಡ್ಡ ಅಧಿಕಾರಿ. ಕೈ ಕೆಳಗ ಅಷ್ಟ ಮಂದಿ. ನಾ ಜೀವಂತ ಅದೇನಿ ಅಂತ ಅಪ್ಪಗ ಒಂದ ಮಾತು ಹೇಳಿ ಕಳಸಾಕ ಬರ್ತಿದ್ದಿಲ್ಲೇನ ಅವಗ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ತಿಂಗಳಿಂದ ಆ ಕಥೆಯನ್ನು ಮಾತು ಮಾತಾಗಿ ಬಿಡಿಸಿ ನೋಡಿದವನು ನಾನು. ಬಾವಿಗೆ ತಳ್ಳಿದ ಅಣ್ಣಂದಿರದೇ ತಪ್ಪು ಎಂದು ತೀರ್ಮಾನಿಸಿಕೊಂಡು ಬರೆದಿದ್ದೆ.

"ಪುಸ್ತಕದಾಗ ಹೇಳಿಲ್ಲ," ಎಂದೆ.

"ಹೂಂ. ಯಾವಾಗ ಬರಬೇಕು?"

ಮರುವಾರ ಬೆಳಿಗ್ಗೆ ಆರೂವರೆಗೆ ಬಂದ. ಸ್ಕೂಟರಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಸ್ಟುಡಿಯೋದ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಮೈಕಿಗೆ ಕೈ ಮುಗಿದ. ರಂಗಸ್ಥಳಕ್ಕೆ ಹೋಗುವ ಮುಂಚೆ ಹೀಗೇ ಮಾಡುತ್ತಿದ್ದುದು ನನಗೆ ಗೊತ್ತಿತ್ತು. ಗಾಜಿನ ಈಚೆ ನಾನು ಕೂತೆ. ಪರದೆಯ ಮೇಲೆ ಮುದುಕನ ಮುಖ ಬಂತು. ಮೊದಲ ಸಲ ಅಣ್ಣ ತಡವಾಗಿ ಶುರು ಮಾಡಿದ, ಎರಡನೆಯ ಸಲ ಬೇಗ. ಮೂರನೆಯ ಸಲ ಅವನು ಪರದೆಯನ್ನು ನೋಡಲೇ ಇಲ್ಲ, ನೆಲ ನೋಡುತ್ತ ಹೇಳಿದ.

"ಬ್ಯಾಡೋ ಮಗನ, ಬ್ಯಾಡ. ಒಬ್ಬಾಂವ ಹೋದ, ತಿರುಗಿ ಬರಲಿಲ್ಲ. ಇನ್ನೊಬ್ಬನ್ನ ಕಳಿಸಿ ನಾ ಯಾರ ಮಾರಿ ನೋಡಕೋತ ಕುಂದ್ರಲಿ?"

ಕೊನೆಯಲ್ಲಿ ಕೆಮ್ಮು ಬಂತು. ನಲವತ್ತು ವರ್ಷ ಕಾಳಿನ ಧೂಳು ಕುಡಿದವನ ಕೆಮ್ಮು. ಪರದೆಯ ಮುದುಕನೂ ಅದೇ ಹೊತ್ತಿಗೆ ತಲೆ ಬಗ್ಗಿಸಿದ್ದ. ನನ್ನ ವಿದ್ಯಾರ್ಥಿ ಮೆಲ್ಲಗೆ, "ಸರ್ರ, ಇದನ್ನ ಹಿಂಗ ಇಡೂಣ್ರಿ," ಎಂದ.

ಕೆಲಸ ಮುಗಿದ ಮೇಲೆ ಅಣ್ಣ ಉಳಿದದ್ದನ್ನೂ ತೋರಿಸು ಎಂದ. ಮುಂದೆ ಬರುವ ಬರಕ್ಕೆಂದು ಏಳು ವರ್ಷ ಐಗುಪ್ತದ ಉಗ್ರಾಣಗಳಿಗೆ ಕಾಳು ತುಂಬುವ ದೃಶ್ಯವಿತ್ತು. ಬಂಗಾರದ ಬಣ್ಣದ ಕಾಳು ಮೇಲಿಂದ ಹೊಳೆಯಂತೆ ಸುರಿಯುತ್ತದೆ, ಸಂಗೀತ ಏರುತ್ತದೆ. ಅಣ್ಣ ಮುಂದಕ್ಕೆ ಬಾಗಿ ನೋಡಿದ.

"ಇದ್ಯಾವ ಕಾಳು? ಗೋದಿ ಅಲ್ಲ, ಜ್ವಾಳ ಅಲ್ಲ."

"ಕಂಪ್ಯೂಟರಿನ್ಯಾಗ ಮಾಡಿದ್ದರಿ ಕಾಕಾ," ಎಂದ ನನ್ನ ವಿದ್ಯಾರ್ಥಿ.

"ಅದಕ್ಕ ಧೂಳ ಏಳವಲ್ದು. ಏಳ ವರ್ಷ ಹಿಂಗ ಇಟ್ರ ಬರೇ ನುಸಿ ತಿನಬೇಕಾಗತೈತಿ. ಬೂದಿ ಕಲಸಬೇಕು, ಬೇವಿನ ಎಲಿ ಹಾಕಬೇಕು. ನಮ್ಮ ಮುತ್ಯಾ ನೆಲದಾಗ ಹಗೇವು ತೆಗೆದು ಕಾಳ ಇಡತಿದ್ದ. ಇಷ್ಟ ರೊಕ್ಕ ಹಾಕಿ ಸಿನಿಮಾ ತೆಗೆದಾರ, ಒಬ್ಬ ಕಾಳಿನಂವನ್ನ ಕೇಳಬಾರದಾ?"

ಆ ಬೆಳಿಗ್ಗೆ ನಾವು ಮೂವರೂ ನಕ್ಕದ್ದು ಅದೊಂದೇ ಸಲ. ಆಮೇಲೆ ದುಭಾಷಿಯ ದೃಶ್ಯ ಬಂತು. ನಡುವೆ ನಿಂತವನು ಯಾರು ಎಂದು ಕೇಳಿದ. ನಾನು ಎರಡು ಕನ್ನಡದ ಉಪಾಯವನ್ನು ಹೇಳಿದೆ. ಅವನು ಪೂರ್ತಿ ನೋಡಿ, "ಅಂದ್ರ ನೀ ಸಾಲ್ಯಾಗ ಕಲಿಸಿದ್ದು ಅಧಿಕಾರಿ ಮಾತು. ನಮ್ಮದು ಹಸದು ಬಂದವರ ಮಾತು. ಖರೇ ಐತಿ ಬಿಡು," ಎಂದು ಎದ್ದ. ಸ್ಕೂಟರಿನವರೆಗೆ ಹೋದೆ. ಮನೆಗೆ ಬಾ ಎನ್ನುತ್ತಾನೇನೋ ಎಂದು ನಿಂತೆ; ಅವನೂ ಏನನ್ನೋ ಕಾಯುವವನಂತೆ ಕೀಲಿ ಹಾಕಲು ತಡ ಮಾಡಿದ. ಕೆಳಗಿನ ಅಂಗಡಿಯವನು ಷಟರ್ ಎತ್ತಿದ. ಅಣ್ಣ ಹೊರಟುಹೋದ.

ಎರಡು ತಿಂಗಳ ಮೇಲೆ ಮುಂಬೈಯಿಂದ ಉತ್ತರ ಬಂತು. ಭಾಷೆ ಎಲ್ಲ ಕಡೆಯ ಜನರಿಗೂ ಒಂದೇ ಥರ ಇರಬೇಕು, ಹಳ್ಳಿಯ ಮಾತು ಇಂಥ ದೊಡ್ಡ ಚಿತ್ರಕ್ಕೆ ಹೊಂದುವುದಿಲ್ಲ ಎಂದು. ಅಣ್ಣಂದಿರ, ಯಾಕೋಬನ ಮಾತನ್ನೆಲ್ಲ ಬೆಂಗಳೂರಿನಲ್ಲಿ ಬೇರೆಯವರಿಂದ ಮತ್ತೆ ಮಾಡಿಸಿದರು. ದುಭಾಷಿಯನ್ನು ಪರದೆಯ ಮೇಲೆ ಹಾಗೇ ಉಳಿಸಿ, ಅವನ ಮಾತು ತೆಗೆದುಬಿಟ್ಟರು. ನನ್ನ ವಿದ್ಯಾರ್ಥಿ ಇದನ್ನು ಹೇಳಲು ಮನೆಗೇ ಬಂದ. ನೀರೂ ಕುಡಿಯದೆ ತಲೆ ತಗ್ಗಿಸಿ ಕೂತಿದ್ದ. "ನಿನ್ನ ತಪ್ಪೇನೈತಿ ಇದರಾಗ," ಎಂದು ನಾನೇ ಸಮಾಧಾನ ಮಾಡಿ ಕಳಿಸಿದೆ.

ಅಣ್ಣನಿಗೆ ತಿಳಿಸಬೇಕಾಗಿತ್ತು. ಫೋನು ಕೈಗೆ ತೆಗೆದುಕೊಳ್ಳುತ್ತಿದ್ದೆ, ಇಡುತ್ತಿದ್ದೆ. ಇವತ್ತು ಮಾರುಕಟ್ಟೆಯ ದಿನ, ಗದ್ದಲವಿರುತ್ತದೆ ಎನ್ನುತ್ತಿದ್ದೆ. ಮರುದಿನ ಇನ್ನೊಂದು ನೆವ. ಹೇಳಿ ಕಳಿಸದ ಯೋಸೇಫನ ಮೇಲೆ ಅಣ್ಣ ಸಿಟ್ಟಾಗಿದ್ದು ನೆನಪಿಗೆ ಬರುತ್ತಿತ್ತು, ಆದರೂ ಹೇಳಲಿಲ್ಲ.

ಸಿನಿಮಾ ಆ್ಯಪ್‌ನಲ್ಲಿ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವನೇ ಫೋನು ಮಾಡಿದ.

"ಮನಿ ಮಂದಿನೆಲ್ಲಾ ಕೂಡಿಸಿ ಟಿವಿ ಮುಂದ ಕುಂತಿದ್ನಿ," ಎಂದ. "ನಿಮ್ಮ ವೈನಿ, ಸೊಸಿ, ಮೊಮ್ಮಕ್ಕಳು. ಬಾಜೂ ಮನಿಯವರನ್ನೂ ಕರದಿದ್ದೆ. ಅದು ನನ್ನ ದನಿ ಅಲ್ಲೋ."

"ಅಲ್ಲ, ಅಣ್ಣ. ಮುಂಬೈದವರು ಬದಲಿ ಮಾಡಿದ್ರು. ನನಗ ಗೊತ್ತಿತ್ತು. ಹೇಳಲಿಲ್ಲ. ತಪ್ಪಾತು."

ಆ ಕಡೆ ಅವನ ಹಿಂದೆ ಮಕ್ಕಳ ಗದ್ದಲ, ಪಾತ್ರೆಯ ಸದ್ದು. ಅವನು ಎದ್ದು ಹೊರಗೆ ಬಂದಿರಬೇಕು; ಸದ್ದು ಕಡಿಮೆಯಾಯಿತು.

"ಮೊಮ್ಮಗಳು, ಅಜ್ಜಾ ಸುಳ್ಳ ಹೇಳ್ಯಾನ ಅಂತ ನಗಾಕತ್ತಾಳ. ನಗಲಿ. ನಿನಗೊಂದ ಮಾತು ಹೇಳೋದಿತ್ತು. ಆವತ್ತ ಸ್ಕೂಟರ್ ಹತ್ರ ಹೇಳಬೇಕಂದೆ, ಆಗಲಿಲ್ಲ."

"ಹೇಳು."

"ಅಕಿ ಹೋದ ದಿವಸ ನಾ ಬಂದಿದ್ದೆ. ನಿಮ್ಮ ಸ್ಮಶಾನದ ಗೇಟಿನ ಹಂತೇಕ ನಿಂತಿದ್ದೆ. ನೀ ಒಳಗ ನಿಂತದ್ದು ಕಾಣತಿತ್ತು. ಒಬ್ಬನ ನಿಂತಿದ್ದಿ."

ನಾನು ಕುರ್ಚಿಯ ಮೇಲೆ ಕೂತೆ. ಆ ದಿನ ಅವಳ ಬಳಗದವರೆಲ್ಲ ಒಂದು ಕಡೆ ನಿಂತು ಹಾಡುತ್ತಿದ್ದರು. ನನಗೆ ಆ ಹಾಡು ಬರುತ್ತಿರಲಿಲ್ಲ. ನನ್ನ ಕಡೆಯಿಂದ ಯಾರೂ ಬಂದಿಲ್ಲ ಎಂದುಕೊಂಡೇ ಎರಡು ವರ್ಷ ಕಳೆದಿದ್ದೆ.

"ಒಳಗ ಯಾಕ ಬರಲಿಲ್ಲ?"

"ಹೆಂಗ ಬರಲಿ? ಅಲ್ಲಿ ಯಾವಾಗ ನಿಂದ್ರಬೇಕು, ಯಾವಾಗ ಕೈ ಮುಗೀಬೇಕು, ಏನೂ ಗೊತ್ತಿಲ್ಲ ನನಗ. ತಪ್ಪ ಮಾಡಿದ್ರ ಮಂದಿ ನಿನಗ ಅಂತಾರ. ಮಣ್ಣ ಹಾಕೂತನಕ ನಿಂತು ಹೋದೆ."

ನನಗೂ ಏನೂ ಗೊತ್ತಿರಲಿಲ್ಲ ಅಣ್ಣ, ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವನು, "ಊಟಾ ಆತೇನು?" ಎಂದ. ಆಗಿದೆ ಎಂದೆ. ಆಗಿರಲಿಲ್ಲ.

ಅದಾಗಿ ಮೂರು ವಾರಕ್ಕೆ ನಾವಿಬ್ಬರೂ ಸ್ಮಶಾನಕ್ಕೆ ಹೋದೆವು. ಕರೆದವನು ನಾನು. ಇಷ್ಟು ವರ್ಷದಲ್ಲಿ ಕೆಲಸದ ನೆವವಿಲ್ಲದೆ ನಾನಾಗಿ ಅವನನ್ನು ಕರೆದದ್ದು ಅದೇ ಮೊದಲು. ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಗೇಟಿನಲ್ಲಿ ಅಣ್ಣ, "ಚಪ್ಪಲಿ ಬಿಡಬೇಕೇನು?" ಎಂದು ಕೇಳಿದ. ಬಿಡಬೇಕಾಗಿಲ್ಲ ಎಂದೆ. ಆದರೂ ಬಿಟ್ಟ. ಕಾದ ಮಣ್ಣಿನ ಮೇಲೆ ಲಗುಬಗೆಯಿಂದ ಹೆಜ್ಜೆ ಹಾಕುತ್ತ ನನ್ನ ಹಿಂದೆ ಬಂದ. ಕಲ್ಲಿನ ಮೇಲಿನ ಅವಳ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ನಾನು ಕೇಳಿರಲಿಲ್ಲ. ಜೇಬಿನಿಂದ ಹೂವಿನ ಪೊಟ್ಟಣ ತೆಗೆದು, ಎಲ್ಲಿಡಬೇಕು ಎನ್ನುವಂತೆ ನನ್ನ ಮುಖ ನೋಡಿದ. ನಾನು ಜಾಗ ತೋರಿಸಿದೆ.

ಅರ್ಧ ತಾಸು ನಿಂತೆವು. ಹೊರಗೆ ಬಂದ ಮೇಲೆ, ಮಾರುಕಟ್ಟೆಯಲ್ಲಿ ಕಾಳಿನ ಹರಾಜಿನ ಹೊತ್ತಾಯಿತು ಎಂದು ಅವನು ಸ್ಕೂಟರ್ ಹತ್ತಿದ. ನಾನು ಬೈರಿದೇವರಕೊಪ್ಪದ ಬಸ್ಸು ಹಿಡಿದೆ. ಮನೆಗೆ ಬಂದು ಕೀಲಿ ತೆಗೆದು, ಕಿಟಕಿ ತೆರೆದು, ಒಂದು ಲೋಟ ಚಹಾ ಮಾಡಿಕೊಂಡೆ. ಸಂಜೆ ಏಳಕ್ಕೆ ಅಣ್ಣ ಫೋನು ಮಾಡಿ, ಅಂಗಾಲು ಸುಟ್ಟು ಬೊಬ್ಬೆ ಬಂದಾವು, ಏನ್ ಹಚ್ಚಬೇಕು, ನಿನ್ನ ಹೇಣ್ತಿ ನರ್ಸ್ ಇದ್ದಳಲ್ಲ, ನಿನಗ ಗೊತ್ತಿರಬೇಕು ಎಂದು ಕೇಳಿದ.